ಕ್ವಾರಿಯೊಳಗೆ ನಡೆದ ಹಸಿರು ಚುಕ್ಕೆ

ಎರಡು ವರ್ಷಗಳ ಹಿಂದೆ, ಮಾವಿನ ಕೊಯ್ಲಿನ ದಿನಗಳಲ್ಲಿ ನಡೆದದ್ದು. ರಾಯಕೋಟೆ ಕಡೆಯ ಒಂದು ಕಲ್ಲು ಕ್ವಾರಿಯ ಕಚೇರಿಯಲ್ಲಿ ವಾಕಿಟಾಕಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಆಗಷ್ಟೇ ಹೊಸ ಡಿಜಿಟಲ್ ಸೆಟ್ಟುಗಳು ಬಂದಿದ್ದವು. ಸೆಟ್ಟು ಆನ್ ಇದ್ದರೆ ನನ್ನ ಕಂಪ್ಯೂಟರಿನ ನಕ್ಷೆಯಲ್ಲಿ ಅದು ಇರುವ ಜಾಗದಲ್ಲಿ ಹಸಿರು ಚುಕ್ಕೆ, ಪಕ್ಕದಲ್ಲಿ ಸೆಟ್ಟಿನವರ ಹೆಸರು. ಆಫ್ ಆದರೆ ಚುಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬಂಡೆ ಸಿಡಿಸುವ ದಿನ ಐದು ನಿಮಿಷಕ್ಕೊಮ್ಮೆ ಯಾವ ಸೆಟ್ಟು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅದನ್ನು ಯಾರೂ ಓದುತ್ತಿರಲಿಲ್ಲ.

ಅಂದು ಮಧ್ಯಾಹ್ನ ಒಂದೂವರೆಗೆ ಎಚ್ಚರಿಕೆಯ ಮೊದಲ ಸೈರನ್ ಆಯಿತು. ಎಲ್ಲರೂ ಮೇಲೆ ನನ್ನ ಕಚೇರಿ ಪಕ್ಕದ ಗೇಟಿಗೆ ಬಂದು, ಸೆಟ್ಟುಗಳನ್ನು ಬೆಂಚಿನ ಮೇಲಿಟ್ಟು ಟೀ ಹಿಡಿದರು. ಫೋರ್‌ಮನ್ ಸೆಲ್ವಂ ತಲೆ ಎಣಿಸಿದರು. ಹನ್ನೆರಡು ಜನ, ಸರಿಯಾಗಿತ್ತು. ಎರಡು ಗಂಟೆಗೆ ಸಿಡಿಸಬೇಕು. ಬೆಟ್ಟದ ಹಿಂದೆ ಮೋಡ ಕಟ್ಟಿತ್ತು. ಬಂಡೆಯ ಕುಳಿಗಳಿಗೆ ಮದ್ದು ತುಂಬಿದ ಮೇಲೆ ಸಿಡಿಲು ಬಡಿದು ತಾನೇ ಸಿಡಿಯುವ ಭಯ. ಸೆಲ್ವಂಗೆ ಅವಸರವಿತ್ತು.

ಒಂದು ನಲವತ್ತಕ್ಕೆ ನೋಡಿದರೆ ಕ್ವಾರಿಯೊಳಗೆ ಒಂದು ಹಸಿರು ಚುಕ್ಕೆ. ಹೆಸರು ರಾಜಪ್ಪ. ಮೂರು ಸಲ ಕರೆದೆ, ಉತ್ತರವಿಲ್ಲ. ಕಿಟಕಿಯಿಂದ ಬಗ್ಗಿದರೆ ರಾಜಪ್ಪ ಗೇಟಿನಲ್ಲೇ ಟೀ ಕುಡಿಯುತ್ತಿದ್ದ.

"ನಿನ್ನ ಸೆಟ್ಟೆಲ್ಲಿ?" ಎಂದೆ.

"ಬೆಂಚ್ ಮ್ಯಾಲೆ ಮಡಗಿದ್ದೆ ಅನ್ಕೊಂಡಿದ್ದೆ ಅಕ್ಕ. ಕೆಳಗೇ ಮರ್ತ್‌ಬುಟ್ನೇನೋ."

"ಸೆಟ್ಟು ತಾನೆ ಮೇಡಂ, ಪೋನಾ ಪೋಗಟ್ಟುಂ," ಎಂದರು ಸೆಲ್ವಂ. "ಗುಡುಗು ಕೇಳಿಸ್ತಾ ಇದೆ ನೋಡಿ."

ನಾನೂ ಹೋದರೆ ಹೋಗಲಿ ಎಂದುಕೊಂಡೆ. ಆದರೆ ಒಂದು ನಲವತ್ತೈದರ ಸಾಲು ಬರೆಯುವಾಗ ಕೈ ನಿಂತಿತು. ಹಿಂದಿನ ಸಾಲಿನಲ್ಲಿ ಆ ಸೆಟ್ಟು ಇಳಿಜಾರಿನಲ್ಲಿತ್ತು, ಈಗ ನೀರಿನ ಪಂಪಿನ ಬಳಿ. ಆಳದಲ್ಲಿ ಚುಕ್ಕೆ ಹತ್ತು ಹದಿನೈದು ಹೆಜ್ಜೆ ಅತ್ತಿತ್ತ ಸರಿದು ಕಾಣುವುದುಂಟು. ಇದು ನೂರು ಹೆಜ್ಜೆ. ಮರೆತು ಬಂದ ಸೆಟ್ಟು ಅಷ್ಟು ದೂರ ನಡೆಯುವುದಿಲ್ಲ.

"ಸೆಲ್ವಂ, ಕೆಳಗೆ ಯಾರೋ ಇದ್ದಾರೆ."

"ಎಲ್ರನ್ನೂ ಎಣಿಸಿದ್ದೀನಲ್ಲ ಮೇಡಂ."

"ಎಣಿಸಿದ ಮೇಲೆ ಇಳಿದಿರಬಹುದು. ಇನ್ನೊಂದು ಸಲ ಎಣಿಸಿ."

ಹನ್ನೊಂದು. ಪಂಪ್ ನೋಡಿಕೊಳ್ಳುವ ಮಾದಪ್ಪ ಇರಲಿಲ್ಲ. ಅವರ ಚುಕ್ಕೆ ಬೂದಾಗಿತ್ತು, ಚಾರ್ಜ್ ಮುಗಿದಿತ್ತು. ಯಾವ ಸೆಟ್ಟಿನಲ್ಲಿ ಚಾರ್ಜ್ ಇದೆಯೋ ಅದನ್ನು ಎತ್ತಿಕೊಂಡು ಹೋಗುವುದು ನಮ್ಮ ಕ್ವಾರಿಯವರ ಅಭ್ಯಾಸ. ಇಪ್ಪತ್ತು ವರ್ಷ ಪಂಪಿನ ಪಕ್ಕ ನಿಂತು ಮಾದಪ್ಪನವರ ಕಿವಿ ಮಂದವಾಗಿತ್ತು. ನಾನು ಕರೆದದ್ದು ಕೇಳಿಸಿರಲಿಲ್ಲ.

ಸೆಲ್ವಂ ಸಿಡಿಸುವ ಯಂತ್ರದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಕೆಂಪು ಬಾವುಟ ಹಿಡಿದು ಕ್ವಾರಿಯ ಅಂಚಿಗೆ ಓಡಿ ಬೀಸತೊಡಗಿದರು. ನಾನು ಚುಕ್ಕೆಯನ್ನೇ ನೋಡುತ್ತಾ ಕುಳಿತೆ. ಅದು ಪಂಪಿನ ಬಳಿ ನಿಂತೇ ಇತ್ತು. ಆಮೇಲೆ ಇಳಿಜಾರಿನತ್ತ ಸರಿಯಿತು. ನಿಧಾನವಾಗಿ ಮೇಲೆ ಬಂತು.

ಮಾದಪ್ಪ ಹೆಗಲ ಮೇಲೆ ರಬ್ಬರ್ ಪೈಪಿನ ಸುರುಳಿ ಹೊತ್ತು ಬಂದರು. ಎಲ್ಲರೂ ತಮ್ಮನ್ನೇ ನೋಡುವುದು ಕಂಡು ಸಿಟ್ಟಾದರು.

"ಹೋದ್ಸಲ ಕಲ್ಲು ಬಿದ್ದು ಪೈಪ್ ಹರಿದೋದಾಗ ನೀವೇ ಅಲ್ವೇನ್ಲಾ ನನ್ನ ಉಗ್ದಿದ್ದು? ಅದ್ಕೇ ತರಾಕೋಗಿದ್ದೆ. ಇನ್ನೂ ಹೊತ್ತೈತಲ್ಲ."

"ಪೈಪ್ ಹೋದ್ರೆ ಇನ್ನೊಂದು ಸಿಗ್ತದೆ ಕಣಣ್ಣ," ರಾಜಪ್ಪ ಅವರ ಕಿವಿಯ ಬಳಿ ಕೂಗಿ ಹೇಳಿದ. "ನೀನೋಗಿದ್ರೆ ನನ್ನ ಸೆಟ್ಟೂ ಹೋಯ್ತಿತ್ತು."

ಎಲ್ಲರೂ ನಕ್ಕರು. ಸೆಲ್ವಂ ಮಾತ್ರ ನಗದೆ ಮತ್ತೆ ಎಣಿಸಿದರು. ಹನ್ನೆರಡು. ಸೈರನ್ ಆಯಿತು, ಬಂಡೆ ಸಿಡಿಯಿತು. ಸಂಜೆ ಇಳಿದು ನೋಡಿದೆ. ಪೈಪ್ ಬಿದ್ದಿದ್ದ ಜಾಗದಲ್ಲಿ ಕಲ್ಲಿನ ರಾಶಿಯಿತ್ತು.

ಈಗ ಸಹಿ ಹಾಕದೆ ಯಾರೂ ಸೆಟ್ಟು ಮುಟ್ಟುವಂತಿಲ್ಲ. ಆ ದಿನದ ಪುಟ ನನ್ನ ಬಳಿ ಇದೆ. ಒಂದು ಐವತ್ತೈದರ ಸಾಲಿನ ಅಕ್ಷರಗಳು ಸೊಟ್ಟಗಿವೆ.

ಬಂಡೆ ಸಿಡಿಸುವ ದಿನ ಮಾದಪ್ಪ ತಪ್ಪದೆ ನನ್ನ ಕಿಟಕಿಗೆ ಬರುತ್ತಾರೆ. "ಅಮ್ಮಯ್ಯ, ನಾನು ಮ್ಯಾಲೇ ಇವ್ನಿ. ಬರ್ಕೊ."

ಪರದೆಯಲ್ಲಿ ಅವರ ಚುಕ್ಕೆ ಕಾಣುತ್ತಿದ್ದರೂ ಮುಖ ನೋಡಿಯೇ ಬರೆದುಕೊಳ್ಳುತ್ತೇನೆ.