ಬ್ರೇಕ್ ನಡುಗಿತು, ಆಪಾದನೆ ನನ್ನ ಕಾಲಿಗೆ

"ಗಾಡಿ ಯಾರ್ ಓಡಸ್ತಾರ್ರಿ?"

ಬ್ರೇಕ್ ಒತ್ತಿದರೆ ಪೆಡಲ್ ಗಡಗಡ ನಡುಗುತ್ತದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಗೋಕಾಕದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ ಇದು. (ಹೇಳಿದ್ದು ನಾನು, ಕೇಳಿದ್ದು ಮಾತ್ರ ನನ್ನ ಗಂಡನನ್ನು.)

"ನಮ್ಮ ಮನಿಯವ್ರು" ಎಂದರು ಇವರು.

"ಹಂಗಾರ ಅದಾರಿ. ಲೇಡೀಸ್ ಬ್ರೇಕ್ ಮ್ಯಾಲ ಕಾಲ ಇಟ್ಕೊಂಡಾ ಓಡಸ್ತಾರ."

ಮುಗಿಯಿತು! ಬಾನೆಟ್ ಎತ್ತಲಿಲ್ಲ, ಚಕ್ರ ಬಿಚ್ಚಲಿಲ್ಲ, ರೋಗ ಮಾತ್ರ ಪತ್ತೆಯಾಯಿತು.

ನಮ್ಮದು ಹಳೇ ಕಾರು. ಮೂಡಲಗಿಯ ಮನೆಯಿಂದ ಗೋಕಾಕದ ಆಫೀಸಿಗೆ ದಿನಾ ನಾನೇ ಓಡಿಸಿಕೊಂಡು ಹೋಗಿ ಬರುತ್ತೇನೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳಿದರೂ ನನಗೆ ಬೇಸರವಿಲ್ಲ. ಅಡುಗೆಮನೆಯೂ ಅಲ್ಲದ, ಆಫೀಸೂ ಅಲ್ಲದ ಆ ಒಂದು ಹೊತ್ತು ನನ್ನದು. ಈಗ ಅದಕ್ಕೇ ಕುತ್ತು ಬಂತು.

"ಸರಿ ಆಗೂ ತನಕ ನೀ ಬಸ್ಸಿಗಿ ಹೋಗು" ಎಂದು ಇವರು ಕೀಲಿಯನ್ನು ಜೇಬಿಗಿಳಿಸಿದರು.

ಬ್ರೇಕ್ ಪ್ಯಾಡ್ ಬದಲಾಯಿಸಿದೆವು. ನಡುಕ ಹೋಗಲಿಲ್ಲ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆವು. ಆಗಲೂ ಹೋಗಲಿಲ್ಲ. ಇವರು ಓಡಿಸಿದಾಗಲೂ ನಡುಗುತ್ತಿತ್ತಲ್ಲ ಎಂದರೆ, "ನಿನ್ನ ಕಾಲಿನ ರೂಢಿ ಗಾಡಿಗಿ ಹತ್ತೇತಿ" ಎನ್ನಬೇಕೆ! ನನಗೇ ಅನುಮಾನ ಶುರುವಾಯಿತು. ಊಟಕ್ಕೆ ಕೂತಾಗಲೂ ಬಲಗಾಲನ್ನೇ ನೋಡಿಕೊಳ್ಳುತ್ತಿದ್ದೆ. ನನಗೆ ಗೊತ್ತಿಲ್ಲದೆ ಇದು ಏನೇನು ಮಾಡುತ್ತಿದೆಯೋ?

ಹುಕ್ಕೇರಿಗೆ ಮದುವೆಗೆ ಹೋದಾಗ ಅಲ್ಲಿನ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದೆವು. ಆತ ಮುಂದಿನ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್ ಕಚ್ಚಿ ಹಿಡಿಯುವ ಡಿಸ್ಕ್ ತಿರುಗಿಸಿ ನೋಡಿದ.

"ಡಿಸ್ಕ್ ಸೊಟ್ಟ ಆಗೇತ್ರಿ ಅಕ್ಕಾರ. ಓಡಿ ಬಂದಾಗ ಕಾದಿರ್ತೈತಿ. ಅದರ ಮ್ಯಾಲ ಯಾರರ ತಣ್ಣೀರ ಹಾಕ್ತಾರೇನ್ರಿ?"

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಥಟ್ಟನೆ ನೆನಪಾಯಿತು. ನಮ್ಮತ್ತೆ!

ಹೊರಗಿನಿಂದ ಯಾರೇ ಬರಲಿ, ಕಾಲಿಗೆ ನೀರು ಕೊಡದೆ ಅತ್ತೆ ಒಳಗೆ ಬಿಡುವವರಲ್ಲ. ಸಂಜೆ ನಾನು ಬಂದ ಕೂಡಲೇ ನನಗೊಂದು ತಂಬಿಗೆ. ಆಮೇಲೆ ಕಾರಿನ ಮುಂದಿನ ಚಕ್ರಗಳಿಗೆ ಒಂದೊಂದು ಕೊಡ. "ಪಾಪ, ಅದೂ ಅಷ್ಟ ದೂರಿಂದ ಬಂದೈತಲ್ಲ" ಎನ್ನುತ್ತಾರೆ. ಅವರ ಕಾಲದಲ್ಲಿ ಹೊಲದಿಂದ ಬಂದ ಎತ್ತುಗಳಿಗೂ ಹೀಗೇ ಕಾಲು ತೊಳೆಯುತ್ತಿದ್ದರಂತೆ. ಇಷ್ಟು ದಿನ ಅದನ್ನು ನೋಡಿ ನಾನೇ ಖುಷಿಪಟ್ಟಿದ್ದೆ.

"ಹಂಗಾರ ನೀರಿನಿಂದಾನ ಆಗೇತೇನ್ರಿ?" ಎಂದೆ.

"ಖರೆ ಹೇಳ್ಬೇಕಂದ್ರ ಇದಾ ಅಂತ ಹೇಳಾಕ ಬರಂಗಿಲ್ರಿ. ಹಳೀ ಗಾಡಿ, ಬ್ಯಾರೆ ಕಾರಣಾನೂ ಇರಬಹುದು. ಆದ್ರ ನಿಮ್ಮ ಕಾಲಂತೂ ಅಲ್ಲ."

ಅಬ್ಬಾ, ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. (ಬ್ರೇಕಿನ ವಿಷಯಕ್ಕೆ ಯಾರಾದರೂ ಅಳುತ್ತಾರೆಯೇ?)

ಹೊಸ ಡಿಸ್ಕ್ ಹಾಕಿಸಿದೆವು. ಪೆಡಲ್ ನಡುಗಲಿಲ್ಲ. ದಾರಿಯಲ್ಲಿ ಇವರು ಮೆಲ್ಲಗೆ ಹೇಳಿದರು: "ಅವ್ವಗ ಏನೂ ಹೇಳಬ್ಯಾಡ. ಮನಸಿಗಿ ಹಚ್ಕೊಂತಾಳ."

ನಿಜ. ಆದರೆ ನನ್ನ ಕಾಲಿನ ಪುರಾಣವನ್ನು ಮದುವೆ ಮನೆಯಲ್ಲೂ ಹೇಳಿ ನಗಿಸಿದ್ದರಲ್ಲ! ಮನಸ್ಸಿಗೆ ಹಚ್ಚಿಕೊಳ್ಳುವ ಹಕ್ಕು ಸೊಸೆಗೆ ಇಲ್ಲವೇ? ಇನ್ನು, ಹೇಳದೆ ಹೋದರೆ ನೀರು ನಿಲ್ಲುವುದು ಹೇಗೆ? ಹೇಳಿದರೆ ಆ ಪ್ರೀತಿಗೆ ಬ್ರೇಕ್ ಹಾಕಿದವಳು ನಾನಾಗುತ್ತೇನೆ. ತಲೆ ಕೆಟ್ಟು ಹೋಯಿತು.

ಮನೆ ಮುಟ್ಟಿದಾಗ, ಕೊಡ ಹಿಡಿದು ಅಂಗಳಕ್ಕೆ ಬಂದ ಅತ್ತೆಗೆ ಕೊನೆಗೂ ಹೇಳಿಯೇ ಬಿಟ್ಟೆ.

ಅವರು ಕೊಡ ಕೆಳಗಿಟ್ಟರು. "ಹೌದನ? ಮೊದಲಾ ಹೇಳಬಾರದನ? ಹಂಗಾರ ತಪ್ಪ ನಂದು, ನಿನ್ನ ಕಾಲ ಬರೋಬರಿ ಐತಿ."

ಅಷ್ಟೇ. ಎಲ್ಲರಿಗಿಂತ ಹಿರಿಯರು ಅರ್ಧ ನಿಮಿಷದಲ್ಲಿ ತಪ್ಪು ಒಪ್ಪಿಕೊಂಡರು. ಇವರು ಮಾತ್ರ ಕೇಳಿಸದವರಂತೆ ಒಳಗೆ ನಡೆದರು.

ಈಗ ಡಿಸ್ಕ್ ಹೊಸದು, ನನ್ನ ಕಾಲು ನಿರಪರಾಧಿ. ಹಾಗಿದ್ದರೆ ಕೀಲಿ ಇನ್ನೂ ಇವರ ಜೇಬಿನಲ್ಲೇ ಯಾಕಿದೆ?