ಅಳದ ಕೂಸುಗಳ ಆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ವಾರ್ಡಿನ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಕೊನೆಯ ಕೋಣೆಯಲ್ಲಿ ಆಯಮ್ಮ ಬೇಸಿನ್ನಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡುತ್ತಿದ್ದಾರೆ. ಬಿಸಿ ಹೆಚ್ಚಾಯಿತೆಂದು ಇನ್ನೊಂದು ಮಗ್ ತಣ್ಣೀರು ಹಾಕುತ್ತಾರೆ. ಮತ್ತೆ ಮೊಣಕೈ ಅದ್ದುತ್ತಾರೆ. ಪಕ್ಕದ ಮೇಜಿನ ಮೇಲೆ, ಆಪರೇಷನ್ ಕೋಣೆಯ ಹಸಿರು ಬಟ್ಟೆಯಲ್ಲಿ ಸುತ್ತಿದ ಗಂಡುಕೂಸು. ಹುಟ್ಟಿ ಹೆಚ್ಚು ಹೊತ್ತಾಗಿಲ್ಲ. ಹೊಟ್ಟೆಯೊಳಗೇ ತೀರಿಕೊಂಡಿತ್ತು.

“ತಣ್ಣೀರಲ್ಲೇ ತೊಳೆದ್ರೆ ಅದಕ್ಕೇನು ಗೊತ್ತಾಗುತ್ತಾ ಅಂತ ಕೇಳ್ತಾರೆ,” ಎನ್ನುತ್ತಾರೆ ಆಯಮ್ಮ ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ, ಕೂಸಿನ ತಲೆಯನ್ನು ಅಂಗೈಗೆ ಆನಿಸಿಕೊಂಡು. “ನಂಗೆ ಗೊತ್ತಾಗುತ್ತಲ್ಲ.”

ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಬೆರಳ ಸಂದಿಗಳಲ್ಲಿ ಹತ್ತಿಯಿಂದ ಒರೆಸುತ್ತಾರೆ. ಅವಸರವಿಲ್ಲ, ತುಟಿ ಮಾತ್ರ ಅಲುಗುತ್ತಿದೆ. ತಲೆಗೆ ಉಲ್ಲನ್ ಟೋಪಿ ಹಾಕುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತುವಾಗ ಮುಖವನ್ನೂ ಒಂದು ಕೈಯನ್ನೂ ಹೊರಗೆ ಬಿಡುತ್ತಾರೆ. “ಬೆರಳು ಎಣಿಸ್ತಾರೆ ಮೇಡಂ. ಬದುಕಿರೋ ಮಗುವಿನ ತಾಯೀನೂ ಎಣಿಸ್ತಾಳೆ, ಇವರೂ ಎಣಿಸ್ತಾರೆ. ಅದಕ್ಕೇ ಕೈ ಹೊರಗೆ.”

ಪರದೆ ಎಳೆದ ಮಂಚದ ಬಳಿಗೆ ಅವರು ಬರಿಗೈಯಲ್ಲಿ ಹೋಗುತ್ತಾರೆ. ಮಲಗಿರುವವಳು ಇಪ್ಪತ್ತರ ಆಸುಪಾಸಿನ ಹುಡುಗಿ. ತಲೆದೆಸೆಯಲ್ಲಿ ಅವಳ ತಾಯಿ ಕೂತಿದ್ದಾರೆ.

“ಮಗೂಗೆ ಸ್ನಾನ ಮಾಡಿಸಿದ್ದೀನಿ ಕಂದಾ. ನೋಡ್ತೀಯಾ?”

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಉತ್ತರ ಬರುವುದು ತಾಯಿಯಿಂದ. “ಬೇಡಮ್ಮ. ನೋಡಿದ್ರೆ ಮರೆಯೋಕಾಗಲ್ಲ. ತಗೊಂಡು ಹೋಗ್ಬಿಡಿ.”

“ಆಯ್ತಮ್ಮ. ನಾನು ಆ ಕೊನೇ ಕೋಣೇಲೇ ಇರ್ತೀನಿ. ಮಗೂನ ಒಂಟಿ ಬಿಡಲ್ಲ. ಮನಸ್ಸಾದಾಗ ಒಂದು ಮಾತು ಹೇಳಿ.”

ಇಷ್ಟು ಹೇಳಿ ಬಂದುಬಿಡುತ್ತಾರೆ. ಒತ್ತಾಯವಿಲ್ಲ, ಉಪದೇಶವಿಲ್ಲ. ಕಾರಿಡಾರಿನ ಕಿಟಕಿಗಳಿಗೆ ಬಿಸಿಲು ತಾಗುವ ಹೊತ್ತಿಗೆ ಹುಡುಗಿಯ ತಾಯಿ ಬಾಗಿಲಲ್ಲಿ ನಿಲ್ಲುತ್ತಾರೆ. ಅತ್ತು ಅತ್ತು ಮುಖ ಊದಿಕೊಂಡಿದೆ. “ಕೇಳ್ತಿದ್ದಾಳೆ,” ಎನ್ನುತ್ತಾರೆ. ಆಯಮ್ಮ ಕೂಸನ್ನು ಎತ್ತಿಕೊಳ್ಳುತ್ತಾರೆ, ನಿದ್ದೆಯಲ್ಲಿರುವ ಮಗುವನ್ನು ಎತ್ತಿಕೊಳ್ಳುವ ಹಾಗೆ, ತಲೆಯ ಕೆಳಗೆ ಕೈಯಿಟ್ಟು. ನಾನು ಪರದೆಯ ಈಚೆಗೇ ಉಳಿಯುತ್ತೇನೆ. ಬಟ್ಟೆ ಸರಿಸುವ ಸದ್ದು. ಆಮೇಲೆ ಹುಡುಗಿಯ ದನಿ ಸಣ್ಣಗೆ ಕೇಳುತ್ತದೆ: “ಅಮ್ಮಾ, ಮೂಗು ನೋಡು.”

ವಾರಕ್ಕೆ ಇಂಥ ಕೂಸು ಒಂದೋ ಎರಡೋ ಬರುತ್ತವೆ. ಒಂದೂ ಬಾರದ ವಾರ ಆಯಮ್ಮನಿಗೆ ಹಬ್ಬ. ಉಳಿದಂತೆ ಅವರದು ಎಲ್ಲ ಆಯಾಗಳ ಕೆಲಸವೇ. ನೆಲ ಒರೆಸಬೇಕು, ಬೆಡ್‌ಪ್ಯಾನ್ ತೊಳೆಯಬೇಕು, ರಕ್ತವಾದ ಬೆಡ್‌ಶೀಟು ಬದಲಿಸಬೇಕು, ಬಾಣಂತಿಯರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು. ವೈದ್ಯರಿಗೆ ಅವರು ‘ಆಯಾ’, ಉಳಿದವರಿಗೆಲ್ಲ ‘ಆಯಮ್ಮ’. ಮನೆಯಲ್ಲಿ ಗಂಡ ಕೂಡ “ಏನ್ ಆಯಮ್ಮೋರೇ, ಊಟ ಆಯ್ತಾ?” ಎಂದೇ ಛೇಡಿಸುತ್ತಾರೆ. ವಯಸ್ಸು ಐವತ್ತೈದು ದಾಟಿದೆ, ಮಂಡಿ ನೋವಿದೆ. ಹೆರಿಗೆ ಕೋಣೆಯಲ್ಲಿ ಮಗು ಅತ್ತಾಗ ಎಲ್ಲರ ಮುಖ ಅರಳಿದರೆ ಇವರು ಒಂದು ಕ್ಷಣ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾರೆ. ಮಗು ಅಳದಿದ್ದರೆ ಸದ್ದಿಲ್ಲದೆ ಹೋಗಿ ನೀರು ಕಾಯಲು ಇಡುತ್ತಾರೆ.

ಈ ಕೆಲಸಕ್ಕೆ ಬರುವ ಮುಂಚೆ ಅವರು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಇಬ್ಬರೂ ಚರ್ಚಿನ ಹಾಡಿನ ಗುಂಪಿನಲ್ಲಿದ್ದವರು, ಅಲ್ಲೇ ನೋಡಿ ಮೆಚ್ಚಿ ಮದುವೆಯಾದವರು. ಹದಿಮೂರು ವರ್ಷ ಮಕ್ಕಳಾಗಲಿಲ್ಲ. ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಪ್ರಾರ್ಥನೆ ಬೇಕಾದವರ ಹೆಸರು ಓದುವಾಗ ಇವರ ಹೆಸರು ತಪ್ಪುತ್ತಿರಲಿಲ್ಲ. “ನಮ್ಮ ಸರದಿ ಬಂದಾಗ ಹಿಂದಿನ ಬೆಂಚಿನೋರು ನಿಟ್ಟುಸಿರು ಬಿಡೋದು ಕೇಳ್ತಿತ್ತು. ಅವರಿಗೂ ಸಾಕಾಗಿತ್ತು ಪಾಪ,” ಎಂದು ನಗುತ್ತಾರೆ.

ನಲವತ್ತರ ಹೊಸ್ತಿಲಲ್ಲಿ ಗರ್ಭ ನಿಂತಿತು. ಪಾಸ್ಟರ್ ಅವರನ್ನು ಮುಂದೆ ಕರೆದು ದೇವರ ಕೃಪೆಗೆ ಸಾಕ್ಷಿ ಹೇಳಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿ ದೇವರಿಗೆ ಸ್ತೋತ್ರ ಹೇಳಿತು. “ಯೇಸಪ್ಪ ನನ್ನ ಮೊರೆ ಕೇಳಿದ, ನೀವೂ ನಂಬಿ, ಕೊಟ್ಟೇ ಕೊಡ್ತಾನೆ ಅಂತ ಮೈಕಿನಲ್ಲಿ ಹೇಳಿದೆ ಮೇಡಂ. ಮಕ್ಕಳಿಲ್ಲದ ಇನ್ನೊಬ್ಬಳು ಓಡಿಬಂದು ನನ್ನ ಹೊಟ್ಟೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ಲು. ಅವಳಿಗೂ ಆಸೆ ಹಚ್ಚಿಬಿಟ್ಟೆ.”

ಎಂಟನೇ ತಿಂಗಳಲ್ಲಿ, ಅಡುಗೆಮನೆಯಲ್ಲಿ ನಿಂತಿದ್ದಾಗ ರಕ್ತ ಹೋಗಲು ಶುರುವಾಯಿತು. ಇದೇ ಆಸ್ಪತ್ರೆಗೆ ತಂದರು. ತಾಯಿಯನ್ನು ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಅವರಿಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಆಗಿತ್ತು. ಹೆಣ್ಣು ಮಗು. ನೋಡಿದರೆ ತಾಯಿ ತಡೆದುಕೊಳ್ಳಲಾರಳು, ಬೇಗ ಮುಗಿಸಿಬಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಚರ್ಚಿನ ಹಿರಿಯರೂ ಹೌದೆಂದಿದ್ದರು. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು.

“ಕಣ್ಣು ಬಿಟ್ಟ ಕೂಡಲೇ ಇವರನ್ನ ಕೇಳಿದೆ, ಹೇಗಿತ್ರೀ ಮಗು ಅಂತ. ಇವರು ನೀರು ತರ್ತೀನಿ ಅಂತ ಎದ್ದು ಹೋದ್ರು.”

ಗಂಡನನ್ನು ಮಾತಾಡಿಸಲು ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆಯ ಬಾಡಿಗೆ ಮನೆ. ಒಳಕೋಣೆಯ ಗೋಡೆ ಅರ್ಧ ತಿಳಿ ಹಳದಿ, ಅರ್ಧ ಬರಿ ಸುಣ್ಣ. ಮಗುವಿಗೆಂದು ಬಳಿಯಲು ಶುರುಮಾಡಿದ ಬಣ್ಣ ಅದು. ಊರವರ ಗೋಡೆಗಳನ್ನೆಲ್ಲ ಮುಗಿಸಿಕೊಟ್ಟವರು ಇದನ್ನು ಮುಗಿಸಿಲ್ಲ. ಮರುವರ್ಷ, ನಿಂತು ಬಣ್ಣ ಬಳಿಯಲು ಕಟ್ಟಿದ ಸಾರುವೆಯ ಮೇಲಿಂದ ಬಿದ್ದು ಸೊಂಟ ಮುರಿದ ಮೇಲೆ ಏಣಿ ಹತ್ತುವುದೇ ನಿಂತುಹೋಯಿತು. ಈಗ ಬಣ್ಣದ ಅಂಗಡಿಯಲ್ಲಿ ಡಬ್ಬಿಗಳಿಗೆ ಬಣ್ಣ ಬೆರೆಸಿ ಕೊಡುತ್ತಾರೆ.

“ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ರು,” ಎನ್ನುತ್ತಾರೆ ಅವರು, ನನ್ನನ್ನು ನೋಡದೆ. “ಮುಖದ ಮೇಲೂ ಬಟ್ಟೆ ಇತ್ತು. ಸರಿಸಿ ನೋಡ್ಬಹುದಿತ್ತು. ಧೈರ್ಯ ಬರ್ಲಿಲ್ಲ. ಗುಂಡಿಗೆ ಇಳಿಸೋವಾಗ್ಲೂ ಕಣ್ಣು ಮುಚ್ಕೊಂಡೇ ಇದ್ದೆ. ಇವಳು ಕೇಳಿದಾಗ ಏನ್ ಹೇಳ್ಲಿ?”

ಹಾಗಾಗಿ ಹೆತ್ತ ಇಬ್ಬರಲ್ಲಿ ಒಬ್ಬರೂ ಮಗಳ ಮುಖ ನೋಡಿಲ್ಲ.

ಮೇಲಿಂದ ಜನರ ಮಾತು. ದೇವರಿಗೆ ತನ್ನ ತೋಟಕ್ಕೆ ಒಂದು ಹೂವು ಬೇಕಿತ್ತು ಎಂದರು ಒಬ್ಬರು. “ಅವನಿಗೇನು ಹೂವಿಗೆ ಬರಗಾಲವಾ ಅಂತ ಕೇಳ್ಬಿಟ್ಟೆ. ಅವರು ಆಮೇಲೆ ನಮ್ಮನೆ ಕಡೆ ಬರ್ಲಿಲ್ಲ.” ಎಲ್ಲೋ ನಂಬಿಕೆ ಕಮ್ಮಿಯಾಗಿರಬೇಕು, ಒಳಗೆ ಏನೋ ಪಾಪ ಉಳಿದಿರಬೇಕು ಎಂದರು ಇನ್ನೊಬ್ಬರು. ಆಯಮ್ಮ ತಾವು ಮಾಡಿದ ತಪ್ಪುಗಳನ್ನೆಲ್ಲ ಹಾಸಿಗೆಯಲ್ಲಿ ಮಲಗಿ ಒಂದೊಂದಾಗಿ ನೆನೆದರಂತೆ. ಒಂದು ಮಗುವಿನ ಜೀವದಷ್ಟು ತೂಗುವ ತಪ್ಪು ಅದರಲ್ಲಿ ಯಾವುದೂ ಸಿಗಲಿಲ್ಲ. ಇಬ್ಬರೂ ಚರ್ಚಿಗೆ ಹೋಗುವುದನ್ನು ಬಿಟ್ಟರು.

ಒಂದು ದಿನ ಆಯಮ್ಮ ತಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿದ ಮುದಿ ಆಯಾಳನ್ನು ಹುಡುಕಿಕೊಂಡು ಹೋದರು. ಅವಳು ಆಗಲೇ ಕೆಲಸ ಬಿಟ್ಟಿದ್ದಳು. “ನನ್ನ ಮಗು ಹೇಗಿತ್ತಮ್ಮಾ ಅಂದೆ. ಮುದುಕಿ ನನ್ನ ಮುಖಾನೇ ನೋಡಿದ್ಲು. ಆಮೇಲೆ, ತಲೆ ತುಂಬ ಕೂದಲಿತ್ತಮ್ಮ, ನಿನ್ನ ಹಾಗೇ ದುಂಡು ಮುಖ ಅಂದ್ಲು. ಸುಳ್ಳು ಅಂತ ಗೊತ್ತಾಯ್ತು. ಎಷ್ಟು ಕೂಸು ನೋಡಿದ್ದಾಳೋ, ನಂದು ಹೇಗೆ ನೆನಪಿರುತ್ತೆ? ಆದ್ರೂ ಇನ್ನೊಂದು ಸಲ ಹೇಳಮ್ಮಾ ಅಂದೆ. ಹೇಳಿದ್ಲು.”

ಅವಳ ಜಾಗ ಖಾಲಿಯಿದೆ ಎಂದು ಅಂದೇ ತಿಳಿಯಿತು. ಮರುವಾರವೇ ಬಂದು ಕೆಲಸಕ್ಕೆ ಸೇರಿದರು. ಯಾಕೆ ಎಂದರೆ, “ನನ್ನ ಮಗೂನ ಸುತ್ತಿದ ಆ ಕೋಣೆ ಹೇಗಿದೆ ಅಂತ ನೋಡ್ಬೇಕಿತ್ತು, ಅಷ್ಟೇ. ನೋಡಿ ಬಿಟ್ಟುಬಿಡೋಣ ಅಂತಿದ್ದೆ,” ಎನ್ನುತ್ತಾರೆ.

ಬಿಡಲಿಲ್ಲ. ಸೇರಿದ ಹೊಸತರಲ್ಲೇ ಒಬ್ಬ ಹುಡುಗಿಯ ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ತೋರಿಸಿ ಎಂದು ಅವಳು ವಾರ್ಡು ನಡುಗುವ ಹಾಗೆ ಕೂಗುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಶವಾಗಾರಕ್ಕೆ ಒಯ್ಯಲು ಇವರ ಕೈಗೆ ಕೊಟ್ಟಿದ್ದರು. ಆಯಮ್ಮ ಕಾರಿಡಾರಿನ ನಡುವೆ ನಿಂತುಬಿಟ್ಟರು. ವಾರ್ಡಿನ ಉಸ್ತುವಾರಿಯ ಸಿಸ್ಟರ್ ಹೋಗು ಎಂದರೂ ಕದಲಲಿಲ್ಲ.

“ಕೆಲಸದಿಂದ ತೆಗೀರಿ ಸಿಸ್ಟರ್. ಅವಳು ನೋಡದೆ ಇದನ್ನ ನಾನು ಆ ಕಡೆಗೆ ಒಯ್ಯಲ್ಲ.”

ಆ ಸಿಸ್ಟರ್ ಈಗ ನಿವೃತ್ತರು. ಅಂದಿನದನ್ನು ಮರೆತಿಲ್ಲ. “ತೋರಿಸಿದ್ರೆ ತಾಯಂದಿರಿಗೆ ಹುಚ್ಚು ಹಿಡಿಯುತ್ತೆ ಅಂತ ನಮಗೆ ಹೇಳಿಕೊಟ್ಟಿದ್ರು. ನಾನೂ ಅದನ್ನೇ ನಂಬಿದ್ದೆ. ಬೈದು ಬೈದು ನನ್ನ ಗಂಟಲೇ ಒಣಗಿತು, ಈ ಹೆಂಗಸು ಅಲ್ಲಾಡ್ಲಿಲ್ಲ. ಕೊನೆಗೆ ಹಾಳಾಗಿ ಹೋಗು ಅಂದೆ. ಕೂಸನ್ನ ಕೈಗೆ ಕೊಟ್ಟ ಕೂಡಲೇ ಆ ಹುಡುಗಿ ಕೂಗೋದು ನಿಲ್ಲಿಸಿದ್ಲು. ಕಿವಿ ಮುಟ್ಟಿ ನೋಡಿದ್ಲು. ಇದು ನಮ್ಮಪ್ಪನ ಕಿವಿ ಅಂದ್ಲು. ನಾನು ಆಚೆ ಹೋಗಿ ಅತ್ತೆ.”

ಹಾಗೆಂದು ಆಯಮ್ಮನಿಗೆ ಶಿಕ್ಷೆ ತಪ್ಪಲಿಲ್ಲ. ಆಸ್ಪತ್ರೆಯವರು ಅವರನ್ನು ಹಿತ್ತಿಲ ಬಟ್ಟೆ ಒಗೆಯುವ ಕಡೆಗೆ ಹಾಕಿದರು. ತಿಂಗಳುಗಟ್ಟಲೆ ಅಲ್ಲಿ ರಕ್ತದ ಬಟ್ಟೆ ನೆನೆಸಿದ ಮೇಲೆ ಸಿಸ್ಟರೇ ದೊಡ್ಡ ಡಾಕ್ಟರ ಬಳಿ ಹೋಗಿ ವಾದ ಮಾಡಿ ಮರಳಿ ಕರೆತಂದರು. ಅಂದಿನಿಂದ ಈ ವಾರ್ಡಿನಲ್ಲಿ ಪ್ರತಿ ತಾಯಿಯನ್ನೂ ಒಂದು ಮಾತು ಕೇಳುತ್ತಾರೆ. ಬೇಡವೆಂದವರಿಗೆ ಬೇಡ.

ಎಲ್ಲ ಸಲ ಒಳ್ಳೆಯದೇ ಆಗಿದೆ ಎಂದು ಆಯಮ್ಮ ಹೇಳುವುದಿಲ್ಲ. “ಒಬ್ಬಳು ನೋಡಿದ ಮೇಲೆ ನನ್ನ ಮುಖಕ್ಕೆ ಉಗಿದ್ಲು. ಯಾಕೆ ತೋರಿಸ್ದೆ, ಇನ್ನು ನಾನು ಹೇಗೆ ಬದುಕಲಿ ಅಂದ್ಲು. ಒರೆಸ್ಕೊಂಡು ಬಂದೆ. ಅವಳಿಗೆ ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.”

ಈ ನಡುವೆ ಯಾವಾಗಲೋ ಅವರು ಚರ್ಚಿಗೆ ಮತ್ತೆ ಹೋಗತೊಡಗಿದ್ದಾರೆ. ಹಾಡಿನ ಗುಂಪಿಗೆ ಸೇರಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಕೆಲವು ಹಾಡಿಗೆ ದನಿಗೂಡಿಸುತ್ತಾರೆ, ಕೆಲವಕ್ಕೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಗಂಡ ಗೇಟಿನವರೆಗೆ ಬಿಟ್ಟು ಎದುರಿನ ಚಹಾದಂಗಡಿಯಲ್ಲಿ ಕಾಯುತ್ತಾರೆ. “ನಂಗೂ ಅವನಿಗೂ ಮಾತಿಲ್ಲ,” ಎಂದು ಅವರು ಮೇಲೆ ಬೆರಳು ತೋರಿಸುತ್ತಾರೆ. “ಇವಳು ಮಾತಾಡ್ತಾಳಲ್ಲ. ನನ್ನ ಪಾಲಿಂದೂ ಸೇರಿಸಿ ಜಗಳ ಆಡ್ಲಿ.”

ಜಗಳವೇ ಆಡುತ್ತೇನೆ ಎನ್ನುತ್ತಾರೆ ಆಯಮ್ಮ. ನೆಲ ಒರೆಸುವಾಗ, ಬಸ್ಸಿಗೆ ಕಾಯುವಾಗ. ಹಾಗಾದರೆ ಇನ್ನೂ ನಂಬುವುದು ಹೇಗೆ? ಅವರು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

“ಕೇಳಿದ್ದು ಕೊಡ್ತಾನೆ ಅಂತ ಆಗ ನಂಬಿದ್ದೆ ಮೇಡಂ. ಆ ನಂಬಿಕೆ ಹೋಯ್ತು, ಮತ್ತೆ ಬರ್ಲಿಲ್ಲ. ಆದ್ರೆ ಯೋಚನೆ ಮಾಡಿ, ನನ್ನ ಮಗಳ ಮುಖ ನಾನು ನೋಡಿಲ್ಲ, ಇವರು ನೋಡಿಲ್ಲ, ಆ ಮುದುಕಿಗೆ ನೆನಪಿಲ್ಲ. ನೋಡಿದವನು, ನೆನಪಿಟ್ಟುಕೊಂಡವನು ಅವನೊಬ್ಬನೇ. ಅವನನ್ನೂ ಬಿಟ್ಟುಬಿಟ್ರೆ ನನ್ನ ಮಗಳನ್ನ ಕಂಡವರು ಯಾರೂ ಇಲ್ಲ ಅಂತಾಯ್ತು. ಅದಕ್ಕೇ ಬಿಡಲ್ಲ. ಯಾಕೆ ಹೀಗ್ ಮಾಡ್ದೆ ಅಂತ ಕೇಳ್ತಾನೇ ಇರ್ತೀನಿ. ಹೇಳಲ್ಲ. ಹೇಳದಿದ್ರೂ ಅವನ ಕೈಯಲ್ಲೇ ಇದ್ದಾಳೆ, ಇನ್ನೇನ್ ಮಾಡ್ಲಿ?”

ಕೂಸು ತೊಳೆಯುವಾಗ ತುಟಿ ಅಲುಗುತ್ತದಲ್ಲ, ಏನು ಪ್ರಾರ್ಥನೆ ಅದು? “ದೊಡ್ಡದೇನಿಲ್ಲ. ಇದನ್ನೂ ನೋಡ್ಕೊಂಡಿರು ಸ್ವಾಮಿ, ಮುಖ ಮರೀಬೇಡ ಅಂತ. ಯಾವ ದೇವರ ಮನೆಯವರ ಕೂಸಾದ್ರೂ ಅಷ್ಟೇ.”

ನಿವೃತ್ತಿಗೆ ಇನ್ನೆರಡು ವರ್ಷವಿದೆ. ಆಸ್ಪತ್ರೆಯವರಿಂದ ಏನಾದರೂ ಆಗಬೇಕಿತ್ತೇ ಎಂದು ಹೊರಡುವ ಮುಂಚೆ ಕೇಳುತ್ತೇನೆ. ಸಂಬಳದ ಮಾತೋ ಮಂಡಿಯ ಮಾತೋ ಬರಬಹುದೆಂದು ಕಾಯುತ್ತೇನೆ. ಅವರು ಕೊನೆಯ ಕೋಣೆಯನ್ನು ಒಮ್ಮೆ ಸುತ್ತ ನೋಡುತ್ತಾರೆ.

“ಒಂದು ಕುರ್ಚಿ ಬೇಕಿತ್ತು ಮೇಡಂ. ಕೈ ಇರೋ ಕುರ್ಚಿ. ಎದ್ದು ಓಡಾಡೋ ತಾಯಂದಿರು ಇಲ್ಲಿಗೇ ಬಂದು ಕೂತ್ಕೋತಾರೆ. ಸ್ಟೂಲಿನ ಮೇಲೆ ಎಷ್ಟು ಹೊತ್ತು ಅಂತ ಎತ್ಕೊಂಡಿರ್ತಾರೆ, ಮೊಣಕೈ ಊರೋಕೆ ಜಾಗ ಇಲ್ಲ. ಕೈ ಸೋತುಹೋಯ್ತು ಅಂತ ಯಾರೂ ಮಗೂನ ಬೇಗ ವಾಪಸ್ ಕೊಡಬಾರದು.”