ಶೇರು ಪೇಟೆಗೆ ದಾರಿ ತೋರಿದ ಇತಿಹಾಸದ ಮೇಡಂ

ನಮ್ಮ ಇತಿಹಾಸದ ಮೇಡಂ ಅವರ ತುರುಬಿನಲ್ಲಿ ಹೂವಿನ ಬದಲು ಒಂದು ಖಡುವಿನ, ಅಂದರೆ ಸೀಮೆಸುಣ್ಣದ, ತುಂಡು ಇರುತ್ತಿತ್ತು. ಬೋರ್ಡಿನ ಮೇಲೆ ಬರೆದಾದ ಕೂಡಲೇ ಅದನ್ನು ಅಲ್ಲಿಗೆ ಸಿಗಿಸಿಕೊಳ್ಳುವರು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮೇಜಿನ ಮೇಲೆ, ಹಾಜರಿ ಪುಸ್ತಕದ ಕೆಳಗೆ ಹುಡುಕುವರು. ಮುಂದಿನ ಬೆಂಚಿನವರು ತಲೆಯತ್ತ ಕೈ ಮಾಡಿ ತೋರಿಸಬೇಕು. ಅವರ ಕೂದಲಲ್ಲಿ ನರೆ ಯಾವುದು, ಖಡುವಿನ ಪುಡಿ ಯಾವುದು ಎಂದು ಹೇಳುವುದು ಕಷ್ಟವಿತ್ತು.

ನಾನು ರಬಕವಿಯಿಂದ ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಅಪ್ಪನ ಪಾವರ್‌ಲೂಮುಗಳ ಸದ್ದಿನ ನಡುವೆಯೇ ಓದಿ ಬೆಳೆದವಳು. ಇತಿಹಾಸ ತೆಗೆದುಕೊಂಡದ್ದು ಅದರ ಮೇಲಿನ ಪ್ರೀತಿಗಲ್ಲ, ಲೆಕ್ಕ ಕಂಡರೆ ಎದೆ ಡವಗುಟ್ಟುತ್ತಿತ್ತು ಎನ್ನುವ ಕಾರಣಕ್ಕೆ.

ಮೇಡಂ ಇಸವಿಗಳನ್ನು ಬಾಯಿಪಾಠ ಮಾಡಿಸಲಿಲ್ಲ. ಒಮ್ಮೆ ಒಂದು ಶಾಸನದ ಪಾಠವನ್ನು ಓದಿಸಿ ಕೇಳಿದರು: "ಈ ರಾಜ ಎಲ್ಲಾ ಯುದ್ಧಾ ಗೆದ್ದೇನಿ ಅಂತ ಬರಸ್ಯಾನ. ಖರೆ ಅಂತೀರೇನು?"

ಒಂದಿಬ್ಬರು ಹೌದೆಂದು ತಲೆಯಾಡಿಸಿದರು.

"ಕಲ್ಲ ಕೆತ್ತಿದಾಂವಗ ಪಗಾರ ಕೊಟ್ಟಾಂವ ಯಾರು? ಮೊದಲ ಅದನ್ನ ಕೇಳ್ರಿ. ಆಮ್ಯಾಲೆ ಏನೇನ ಬರಸಿಲ್ಲಾ ಅನ್ನೂದನ್ನ ಹುಡುಕ್ರಿ."

ಎರಡನೆಯ ವರ್ಷ ನಮ್ಮನ್ನೆಲ್ಲ ರಬಕವಿಗೆ, ಅದೂ ನಮ್ಮ ಓಣಿಗೇ ಕರೆದುಕೊಂಡು ಬಂದರು. ಕೋಟೆ, ಗುಡಿ ನೋಡಲು ಹೋಗುತ್ತೇವೆಂದು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದ ಗೆಳತಿಯರ ಮುಖ ಸಪ್ಪಗಾಯಿತು. ನನಗಂತೂ ನಾಚಿಕೆ. ಮೇಡಂ ಮಾತ್ರ ಒಬ್ಬ ಮುದುಕ ನೇಕಾರರ ಕಟ್ಟೆಯ ಮೇಲೆ ಆರಾಮಾಗಿ ಕೂತು, "ಕಾಕಾ, ನಿಮಗ ಭಾಳ ಲುಕ್ಸಾನ ಆಗಿದ್ದು ಯಾವಾಗ?" ಎಂದು ಕೇಳಿದರು.

ಕಾಕಾ ನಕ್ಕರು. "ಒಂದು ನಮೂನಿ ಸೀರಿ ದಡಿ ಭಾಳ ನಡದಿತ್ತವಾ. ಬಾಜೂ ಮನಿಯಾಂವ ಹಾಕಿದಾ, ನಾನೂ ಹಾಕಿದೆ, ಇಡೀ ಓಣಿ ಅದನ್ನ ಹಾಕಿತು. ಸೀರಿ ಅಟ್ಟದ ತನಕ ಬಿದ್ದುವು. ಕೊಳ್ಳಾವರ ಇರಲಿಲ್ಲ."

"ಹಾಕುವಾಗ ಯಾರಿಗೂ ಅನುಮಾನ ಬರಲಿಲ್ಲೇನ್ರಿ?"

"ಬಂದಿತ್ತು. ಆದರ ಎಲ್ಲಾರೂ ಹಾಕಾಕತ್ತಿದ್ದರಲ್ಲ, ಅದಕ್ಕ ಧೈರ್ಯ ಇತ್ತು."

ಶೇರು ಪೇಟೆಯ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದೇ. ಆಗ ಅದು ನನಗೆ ತಿಳಿದಿರಲಿಲ್ಲ.

ಬಿ.ಎ. ಮುಗಿಯಿತು. ಕೆಲಸ ಸಿಗಲಿಲ್ಲ. ಕೊನೆಗೆ ಜಮಖಂಡಿಯ ಒಂದು ಸಣ್ಣ ಶೇರು ಬ್ರೋಕರ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ. ಅಪ್ಪ, "ಅದು ಇಸ್ಪೀಟ ಆಟ ಇದ್ದಂಗ, ಹುಡುಗ್ಯಾರ ಹೋಗೂ ಜಾಗಾ ಅಲ್ಲ" ಎಂದು ವಾರವಿಡೀ ಮುಖ ಕೊಟ್ಟು ಮಾತಾಡಲಿಲ್ಲ. ಆಫೀಸಿನಲ್ಲಿ ಬಿ.ಕಾಂ. ಓದಿದ ಸಹೋದ್ಯೋಗಿಯೊಬ್ಬರು, "ಹಿಸ್ಟರಿ ಓದಿ ಇಲ್ಲೇನ ಮಾಡ್ತೀರಿ? ಇಲ್ಲಿ ನಾಳಿನದ್ದ ನೋಡಬೇಕ್ರಿ, ಹಿಂದಿಂದಲ್ಲ" ಎಂದರು. ನನಗೂ ಹಾಗೇ ಅನಿಸಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕಾಗ ತೊದಲುತ್ತಲೇ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಮುಂದಿನ ಶನಿವಾರ ಛತ್ರಿ ಹಿಡಿದುಕೊಂಡು ಆಫೀಸಿಗೇ ಬಂದರು. ಶೇರು ಪೇಟೆಗೆ ಅಂದು ರಜೆ. ಖಾಲಿ ಕುರ್ಚಿಯಲ್ಲಿ ಕೂತು, "ಈ ಕಂಪನಿಯವರು ತಮ್ಮ ಬಗ್ಗೆ ಏನರೆ ಬರಸ್ತಾರೇನು?" ಎಂದರು.

ಯಾರೂ ಬಿಡಿಸದೆ ಬಿದ್ದಿದ್ದ ಒಂದು ಕಂಪನಿಯ ವಾರ್ಷಿಕ ವರದಿ ಕೊಟ್ಟೆ. ಅಂಕಿಗಳ ಹಾಳೆಗಳನ್ನು ಮುಟ್ಟದೆ ಅಧ್ಯಕ್ಷರ ಮಾತುಗಳನ್ನಷ್ಟೇ ಓದಿ, "ಹೋದ ವರ್ಷದ್ದ ಐತೇನು?" ಎಂದರು. ಅದನ್ನೂ ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟರು.

"ಇಲ್ಲಿ ನೋಡು. ಹೋದ ವರ್ಷ ಹೊಸಾ ಕಾರಖಾನಿ ಕಟ್ಟತೇವಿ ಅಂತ ಮೂರು ಕಡೆ ಹೇಳ್ಯಾರ. ಈ ವರ್ಷ ಅದರ ಹೆಸರ ಇಲ್ಲ. ಎಲ್ಲಿ ಹೋತವಾ ಆ ಕಾರಖಾನಿ?"

ನಾನು ಈ ವರ್ಷದ ವರದಿಯನ್ನು ಎಳೆದುಕೊಂಡು ಹುಡುಕತೊಡಗಿದೆ.

"ನಿನಗ ಓದಾಕ ಬರತೈತಿ. ಅಂಕಿ ಕಲಿಯೂದು ಅಷ್ಟ ಉಳದೈತಿ."

ಅಂಕಿ ಕಲಿಸಿದ್ದು ಅದೇ ಬಿ.ಕಾಂ. ಸಹೋದ್ಯೋಗಿ. ಊಟದ ಬಿಡುವಿನಲ್ಲಿ ಲಾಭ, ಸಾಲ, ಸವಕಳಿ ಎಂದರೇನೆಂದು ತಾಳ್ಮೆಯಿಂದ ಹೇಳಿಕೊಟ್ಟರು. ನಾನು ಅವರಿಗೆ ಹಳೆಯ ವರದಿಗಳನ್ನು ಓದಿ ಹೇಳುತ್ತಿದ್ದೆ. ಶೇರು ವ್ಯವಹಾರದ ಪರೀಕ್ಷೆ ಕಟ್ಟಿ ಪಾಸಾದೆ. ಫೋನ್ ಎತ್ತುತ್ತಿದ್ದವಳು ಕೆಲವು ವರ್ಷಗಳಲ್ಲಿ ಸ್ವಂತ ಗಿರಾಕಿಗಳನ್ನು ನೋಡಿಕೊಳ್ಳುವಂತಾದೆ. ನನ್ನ ಮೊದಲ ಗಿರಾಕಿ ಮೇಡಂ. ನಿವೃತ್ತಿಯಾದಾಗ ಬಂದ ಹಣದ ದೊಡ್ಡ ಭಾಗವನ್ನು ತಂದು, "ಎಲ್ಲಿ ಹಾಕತಿ ಅಂತ ಕೇಳೂದಿಲ್ಲ. ಯಾಕ ಹಾಕತಿ ಅಂತಷ್ಟ ಹೇಳು" ಎಂದರು. ಪ್ರತಿ ಕಂಪನಿಯ ಕಥೆಯನ್ನೂ ಕೇಳಿದರು, ಪರೀಕ್ಷೆಯಲ್ಲಿ ಕೇಳುವಂತೆಯೇ. ಒಂದೆರಡಕ್ಕೆ ನನ್ನ ಉತ್ತರ ಸಾಲದೆ ಅವನ್ನು ಕೈಬಿಟ್ಟೆವು.

ಆಮೇಲೆ ಊರೂರಿಗೂ ರೋಗ ಹಬ್ಬಿದ ಆ ಬ್ಯಾನಿಯ ವರ್ಷ ಬಂತು. ಲಾಕ್‌ಡೌನಿನ ಹಿಂದೆಮುಂದೆ ಪೇಟೆ ದಿನಾ ಕುಸಿಯಿತು. ನಾನು ರಬಕವಿಯ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಹುಟ್ಟಿದಾಗಿನಿಂದ ಕೇಳಿದ ಮಗ್ಗದ ಸದ್ದು ಓಣಿಯಲ್ಲಿ ನಿಂತುಹೋಗಿತ್ತು. ಗಿರಾಕಿಗಳು ಫೋನಿನಲ್ಲಿ ಅಳುತ್ತಿದ್ದರು, ಬೈಯುತ್ತಿದ್ದರು. ಮೇಡಂ ಅವರ ಹಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅವರು ಮಾತ್ರ ಫೋನ್ ಮಾಡಿರಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಮೇಡಂ, ಮಾರಿಬಿಡಲೇನ್ರಿ? ಉಳದಷ್ಟರೆ ಉಳೀಲಿ."

"ಊಟಾ ಮಾಡಿಯೇನು?"

"ಇಲ್ರಿ."

"ಮೊದಲ ಉಣ್ಣು. ಆಮ್ಯಾಲೆ ಒಂದೊಂದ ಕಂಪನಿ ತಗೊಂಡು ಕುಂದ್ರು. ಯಾವುದರ ಕಥಿ ಸುಳ್ಳಾಗೇತಿ ಅದನ್ನ ಮಾರು. ಕಥಿ ಖರೆ ಇದ್ದು ಬರೇ ಮಂದಿ ಅಂಜ್ಯಾರ ಅಂದ್ರ, ಅದನ್ನ ಇರಲಿ ಬಿಡು. ಇಂಥಾ ಬ್ಯಾನಿ ಜಗತ್ತು ಹಿಂದೂ ನೋಡೇತಿ. ಆ ಪಾಠ ನಾನ ಮಾಡೇನಲ್ಲ ನಿಮಗ."

ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ನಾನು ಉಂಡು, ಒಂದೊಂದೇ ತೆಗೆದು ನೋಡಿದೆ. ಎರಡನ್ನು ನಷ್ಟಕ್ಕೆ ಮಾರಿದೆವು. ಉಳಿದವು ಮುಂದಿನ ವರ್ಷದ ಹೊತ್ತಿಗೆ ಮೆಲ್ಲಗೆ ಚೇತರಿಸಿಕೊಂಡು ಹಾಕಿದ್ದಕ್ಕಿಂತ ಮೇಲೆ ಹೋದವು. ಅಂದು ನನ್ನ ಮಾತು ಕೇಳಿ ಮಾರದೆ ತಡೆದುಕೊಂಡ ಗಿರಾಕಿಗಳೇ ಇಂದಿಗೂ ನನ್ನ ಅನ್ನ. ಈಗ ನನ್ನದೇ ಆಫೀಸು ಇದೆ. ಅಪ್ಪ ಸಂಜೆ ಬಂದು ಅಲ್ಲಿ ಪೇಪರು ಓದುತ್ತಾರೆ.

ಕಳೆದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ಮದುವೆಯಾಗದ ಅವರ ಜೊತೆಗೆ ವಿಧವೆ ತಂಗಿಯೊಬ್ಬರೇ ಇದ್ದರು. ಶೇರುಗಳನ್ನು ಅವರ ಹೆಸರಿಗೆ ಮಾಡಿಕೊಡಲು ಸಹಿ ಬೇಕಾಗಿ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತವರು ತಾವಾಗಿಯೇ ಹೇಳಿದರು:

"ಅವತ್ತ ನೀ ಫೋನ್ ಮಾಡಿದ್ದಿಯಲ್ಲ, ಮಾರಲೇನು ಅಂತ? ಫೋನ್ ಇಟ್ಟಮ್ಯಾಲೆ ಅಕ್ಕನ ಕೈ ಥರಥರ ನಡಗಾಕತ್ತಿದ್ದುವು. ನೀರಿನ ತಂಬಿಗಿ ಹಿಡಿಯಾಕ ಆಗಲಿಲ್ಲ. ನನ್ನ ಮಣಕಾಲಿನ ಆಪರೇಷನ್ನಿಗಿ ಅಂತ ಇಟ್ಟಿದ್ದ ರೊಕ್ಕನೂ ಅದರಾಗ ಇತ್ತು."

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಹಂಗಾದ್ರ ಯಾಕ ಹೇಳಲಿಲ್ರಿ ಅವರು?"

"ನಾನೂ ಅದನ್ನ ಕೇಳಿದೆ. 'ರೊಕ್ಕ ಹೋದರ ನಾವಿಬ್ಬರೂ ಪೆನ್ಶನ್ನಿನ ಮ್ಯಾಲೆ ಇರತೇವಿ. ನಾ ಅಂಜೇನಿ ಅಂತ ಗೊತ್ತಾದರ ಅಕಿ ಮತ್ತ ಆ ಶೇರಿನ ಆಫೀಸಿನ ಕುರ್ಚಿ ಮ್ಯಾಲೆ ಕುಂದ್ರೂದಿಲ್ಲ' ಅಂದ್ಲು."

ಸಹಿ ಹಾಕಿದ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಎದ್ದೆ. ತಂಗಿಯವರು ನನ್ನನ್ನು ಕಳಿಸಲು ಗೇಟಿನವರೆಗೆ ಬಂದರು. ಮೂರು ಮೆಟ್ಟಿಲುಗಳನ್ನು ಏನನ್ನೂ ಹಿಡಿದುಕೊಳ್ಳದೆ, ನನಗಿಂತ ಮೊದಲೇ ಇಳಿದರು.